ಓದುಗರ ಪ್ರಶ್ನೆ, ನಮ್ಮ ಉತ್ತರ: ಸಣ್ಣ ಗಿಡಗಳಿಗೆ ಮರದ ಪೆಟ್ಟಿಗೆ

ಪ್ರಶ್ನೆ: ಸಣ್ಣ ಹೂಗಿಡಗಳಿಗೆಂದು ಕಳೆದ ವರ್ಷ ನಾನೇ ಹಲಗೆ ಕೊಯ್ದು, ಮೊಳೆ ಹೊಡೆದು ಒಂದು ಪೆಟ್ಟಿಗೆ ಮಾಡಿದ್ದೆ. ಆರು ತಿಂಗಳಲ್ಲಿ ಅದರ ಮೂಲೆಗಳು ಬಾಯಿ ಬಿಟ್ಟವು. ವರ್ಷ ತುಂಬುವ ಮೊದಲೇ, ಜಾಗ ಬದಲಿಸಲು ಎತ್ತಿದಾಗ ತಳ ಕಳಚಿ ಮಣ್ಣೆಲ್ಲ ನೆಲದ ಪಾಲಾಯಿತು. ತಪ್ಪಿದ್ದೆಲ್ಲಿ? ಮರಗೆಲಸ ಕಲಿಯದವರೂ ಮಾಡಬಹುದಾದ, ನಾಲ್ಕಾರು ವರ್ಷ ಬಾಳುವ ಪೆಟ್ಟಿಗೆಯ ವಿಧಾನವನ್ನು ತಿಳಿಸಿಕೊಡಿ.

ಉತ್ತರ: ನಿಮ್ಮ ಎರಡು ದೂರುಗಳಿಗೂ ಬೇರೆ ಬೇರೆ ಕಾರಣಗಳಿವೆ. ಮೂಲೆ ಬಿಟ್ಟುಕೊಳ್ಳಲು ಮೊಳೆ ಹೊಡೆದ ಜಾಗ ಕಾರಣವಾದರೆ, ತಳ ಕಳಚಲು ಅಲ್ಲಿ ನಿಂತ ನೀರು ಕಾರಣ.

ಹಲಗೆಯ ಕೊಯ್ದ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ. ಒಂದು ಹಿಡಿ ಹುಲ್ಲುಕಡ್ಡಿಗಳನ್ನು ಒಟ್ಟಿಗೆ ಕಟ್ಟಿ ಅಡ್ಡಕ್ಕೆ ಕತ್ತರಿಸಿದಂತೆ ಅದು ಕಾಣುತ್ತದೆ, ಏಕೆಂದರೆ ಮರದ ನಾರುಗಳೆಲ್ಲ ಹಲಗೆಯ ಉದ್ದಕ್ಕೆ ಓಡಿ ಅಲ್ಲಿ ಕೊನೆಗೊಂಡಿರುತ್ತವೆ. ಪೆಟ್ಟಿಗೆಯ ಉದ್ದ ಹಲಗೆಯನ್ನು ಅಡ್ಡ ಹಲಗೆಯ ತುದಿಗೆ ಸೇರಿಸಿ ಹೊರಗಿನಿಂದ ಹೊಡೆದ ಮೊಳೆ ಈ ನಾರುಗಳ ನಡುವೆ ಸೀಳಿಕೊಂಡು ಇಳಿಯುತ್ತದೆಯೇ ಹೊರತು ಅವುಗಳ ಬಿಗಿಗೆ ಸಿಗುವುದಿಲ್ಲ. ಅದೇ ಮೊಳೆ ಹಲಗೆಯ ಮೈಗೆ, ನಾರುಗಳಿಗೆ ಅಡ್ಡವಾಗಿ ಇಳಿದರೆ ಅದರ ಹಿಡಿತವೇ ಬೇರೆ. ಇದಲ್ಲದೆ, ಕೊಯ್ದ ತುದಿಯು ಹಲಗೆಯ ಮೈಗಿಂತ ಎಷ್ಟೋ ಪಾಲು ಬೇಗ ನೀರು ಹೀರುತ್ತದೆ. ಹೀಗೆ ಹಿಡಿತ ಸಾಲದ ಜಾಗವೇ ಮೊದಲು ನೆನೆಯುವ ಜಾಗವೂ ಆಗುವುದರಿಂದ ಮೂಲೆಗಳು ಮೊದಲು ಸೋಲುತ್ತವೆ.

ಕೊಳೆಯುವ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆಯಿದೆ. ನೀರು ತಾಗಿದ ಮಾತ್ರಕ್ಕೆ ಮರ ಕೊಳೆಯುವುದಿಲ್ಲ. ಅದನ್ನು ಕೊಳೆಸುವುದು ಶಿಲೀಂಧ್ರ. ಮರದಲ್ಲಿರುವ ತೇವಾಂಶವು ಅದರ ಒಣತೂಕದ ಸುಮಾರು ಶೇ. 20ಕ್ಕಿಂತ ಕಡಿಮೆಯಿದ್ದರೆ ಆ ಶಿಲೀಂಧ್ರ ಬೆಳೆಯಲಾರದು. ಗಿಡದ ಪೆಟ್ಟಿಗೆಯನ್ನು ನೆನೆಯದಂತೆ ಕಾಪಾಡುವುದು ಹೇಗೂ ಆಗದ ಮಾತು. ನೆನೆದ ಮರ ಮತ್ತೆ ಒಣಗಲು ಎಲ್ಲೆಡೆ ದಾರಿಯಿರುವಂತೆ ಜೋಡಿಸುವುದಷ್ಟೇ ನಮ್ಮ ಕೈಯಲ್ಲಿದೆ, ಮುಂದೆ ಹೇಳುವ ಅಳತೆಗಳೆಲ್ಲ ಅದಕ್ಕಾಗಿಯೇ ಇವೆ.

20 ಸೆಂ.ಮೀ. ಅಗಲ, 2 ಸೆಂ.ಮೀ. ದಪ್ಪದ ಹಲಗೆಯಲ್ಲಿ 60 ಸೆಂ.ಮೀ. ಉದ್ದದ ಎರಡು ಮತ್ತು 20 ಸೆಂ.ಮೀ. ಉದ್ದದ ಎರಡು ತುಂಡುಗಳನ್ನು ಕೊಯ್ದುಕೊಳ್ಳಿ. ಒಂದೊಂದು ಜೋಡಿಯನ್ನೂ ಅಕ್ಕಪಕ್ಕ ನಿಲ್ಲಿಸಿ, ಬೆರಳನ್ನು ತುದಿಗಳ ಮೇಲೆ ಹಾಯಿಸಿ ನೋಡಬೇಕು; ಒಂದು ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಉದ್ದವಿದ್ದರೂ ಬೆರಳಿಗೆ ತಿಳಿಯುತ್ತದೆ, ಆ ಹೆಚ್ಚಿನ ಭಾಗವನ್ನು ಉಜ್ಜಿ ಸರಿ ಮಾಡಿದರೆ ಪೆಟ್ಟಿಗೆ ಸೊಟ್ಟಗಾಗುವುದಿಲ್ಲ. ಮೂಲೆಗಳಿಗೆ 3 ಸೆಂ.ಮೀ. ಚೌಕದ, 13 ಸೆಂ.ಮೀ. ಉದ್ದದ ನಾಲ್ಕು ಗೂಟಗಳು ಬೇಕು. ತಳಕ್ಕೆ ಆಸರೆಯಾಗಿ 2 ಸೆಂ.ಮೀ. ಚೌಕದ, 56 ಸೆಂ.ಮೀ. ಉದ್ದದ ಎರಡು ಪಟ್ಟಿಗಳು ಬೇಕು. ತಳಕ್ಕೆ ಅದೇ 2 ಸೆಂ.ಮೀ. ದಪ್ಪದ, 9 ಸೆಂ.ಮೀ. ಅಗಲದ ಆರು ತುಂಡುಗಳನ್ನು 20 ಸೆಂ.ಮೀ.ಗಿಂತ 3 ಮಿ.ಮೀ. ಕಡಿಮೆ ಉದ್ದಕ್ಕೆ ಕೊಯ್ಯಬೇಕು.

ಮೊದಲು ಗೂಟಗಳನ್ನು ಅಡ್ಡ ಹಲಗೆಗಳ ಒಳಮೈಗೆ, ಕೊಯ್ದ ಎರಡೂ ತುದಿಗಳಿಗೆ ಸಮವಾಗಿ, ಕೆಳಗಿನಿಂದ ನಾಲ್ಕೂವರೆ ಸೆಂ.ಮೀ. ಜಾಗ ಬಿಟ್ಟು ನಿಲ್ಲಿಸಿ, ಹಲಗೆಯ ಹೊರಗಿನಿಂದ ಒಂದೊಂದಕ್ಕೂ ಎರಡೆರಡು ಸ್ಕ್ರೂ ಹಾಕಿ. ಬಳಿಕ ಉದ್ದ ಹಲಗೆಗಳನ್ನು ಆ ಗೂಟಗಳ ಇನ್ನೊಂದು ಮೈಗೆ ತಂದು ಬಿಗಿಯಬೇಕು. ಈ ಎರಡನೆಯ ಸುತ್ತಿನ ಸ್ಕ್ರೂಗಳು ಮೊದಲಿನವುಗಳಿಗಿಂತ ಒಂದು ಬೆರಳಿನಷ್ಟು ಮೇಲೆಯೋ ಕೆಳಗೋ ಇರಲಿ, ಇಲ್ಲದಿದ್ದರೆ ಗೂಟದ ಒಳಗೆ ಒಂದಕ್ಕೊಂದು ಢಿಕ್ಕಿ ಹೊಡೆಯುತ್ತವೆ. ಈಗ ಎಲ್ಲ ಸ್ಕ್ರೂಗಳೂ ನಾರುಗಳಿಗೆ ಅಡ್ಡವಾಗಿಯೇ ಇಳಿದಿರುತ್ತವೆ. 40 ಮಿ.ಮೀ. ಉದ್ದದ ಸ್ಕ್ರೂ ಇದಕ್ಕೆ ಸಾಕು. ಹಾಕುವ ಮುನ್ನ ಅದಕ್ಕಿಂತ ಸಪೂರವಾದ ತೂತನ್ನು ಡ್ರಿಲ್‌ನಲ್ಲಿ ಕೊರೆದುಕೊಳ್ಳದಿದ್ದರೆ, ಅದರಲ್ಲೂ ತುದಿಗೆ ಹತ್ತಿರವಿರುವಲ್ಲಿ, ಹಲಗೆ ಸೀಳುವುದು ಬಹುತೇಕ ಖಚಿತ. ಗೂಟಕ್ಕೆ ಅಂಟು ಬೇಡ. ಮರವು ಅಗಲಕ್ಕೆ ಹಿಗ್ಗಿ ಕುಗ್ಗುತ್ತದೆ, ಉದ್ದಕ್ಕೆ ಹೆಚ್ಚುಕಡಿಮೆ ಅಲುಗುವುದೇ ಇಲ್ಲ. ಮಲಗಿದ ಹಲಗೆಯನ್ನು ನಿಂತ ಗೂಟಕ್ಕೆ ಅಂಟಿಸಿಬಿಟ್ಟರೆ ಹಿಗ್ಗಲು ದಾರಿ ಕಾಣದ ಹಲಗೆ ಬಿರುಕು ಬಿಡುತ್ತದೆ.

ಪಟ್ಟಿಗಳನ್ನು ಉದ್ದ ಹಲಗೆಗಳ ಒಳಮೈಯ ಕೆಳ ಅಂಚಿಗೆ ಸಮವಾಗಿ, ಒಳಗಿನಿಂದ 35 ಮಿ.ಮೀ. ಸ್ಕ್ರೂಗಳಿಂದ ಕೂರಿಸಿ. ತಳದ ತುಂಡುಗಳನ್ನು ಪೆಟ್ಟಿಗೆಯ ನಡುವಿನಿಂದ ಇಳಿಸಿ, ಪಟ್ಟಿಗಳ ಮೇಲೆ ಜಾರಿಸುತ್ತ ಗೂಟಗಳ ಅಡಿಗೆ ತಳ್ಳಿದರೆ ಸಾಕು, ಅವುಗಳಿಗೆ ಸ್ಕ್ರೂ ಹಾಕುವುದು ಬೇಡ. ಆರು ತುಂಡುಗಳು ಸೇರಿ 54 ಸೆಂ.ಮೀ. ಆಗುತ್ತವೆ, ಉಳಿದ 2 ಸೆಂ.ಮೀ. ಅನ್ನು ಹಂಚಿದರೆ ನಡುವಿನ ಐದು ಸಂದುಗಳಿಗೆ 4 ಮಿ.ಮೀ. ಸಿಗುತ್ತದೆ. ನಾನು ಮೊದಲ ಸಲ ಮಾಡಿದ ಪೆಟ್ಟಿಗೆಯಲ್ಲಿ ಈ ಸಂದುಗಳನ್ನು ಬಿಟ್ಟಿರಲಿಲ್ಲ. ತುಂಡುಗಳು ಕಾಗದ ತೂರದಷ್ಟು ಬಿಗಿಯಾಗಿ ಕೂತಿವೆಯೆಂದು ಹೆಮ್ಮೆಪಟ್ಟಿದ್ದೆ. ತಿಂಗಳು ಕಳೆಯುವುದರೊಳಗೆ ಅವು ನೆನೆದು ಹಿಗ್ಗಿ ಒಂದು ಬದಿಯ ಅಡ್ಡ ಹಲಗೆಯನ್ನೇ ಹೊರಕ್ಕೆ ದೂಡಿದ್ದವು. ನೀರು ಇಳಿಯಲೂ ಮರ ಹಿಗ್ಗಲೂ ಆ ಸಂದುಗಳೇ ಆಧಾರ. ಮುಂದೆ ಯಾವುದಾದರೂ ಒಂದು ತುಂಡು ಕೊಳೆತರೆ ಅದನ್ನಷ್ಟೇ ತೆಗೆದು ಬದಲಿಸಬಹುದೆಂಬುದು ಇದರ ಇನ್ನೊಂದು ಅನುಕೂಲ.

ಮಣ್ಣು ಸೋರದಂತೆ ತಳದ ಮೇಲೆ ಸಣ್ಣ ಕಣ್ಣಿನ ಬಲೆಯನ್ನು ಹಾಸಿ. ಪ್ಲಾಸ್ಟಿಕ್ ಹಾಳೆಯನ್ನು ಹೊದಿಸುವ ಮನಸ್ಸಿದ್ದರೆ ಪಕ್ಕದ ನಾಲ್ಕು ಗೋಡೆಗಳಿಗೆ ಮಾತ್ರ ಹೊದಿಸಬೇಕು. ಅದು ತಳಕ್ಕೂ ಬಂದರೆ ನೀರು ತೊಟ್ಟಿಯಲ್ಲಿ ನಿಂತಂತೆ ನಿಲ್ಲುತ್ತದೆ. ಪೆಟ್ಟಿಗೆಯ ಅಡಿಗೆ ನಾಲ್ಕು ಮೂಲೆಗಳಲ್ಲಿ ಹೆಂಚಿನ ಚೂರುಗಳನ್ನೋ ಕಲ್ಲುಗಳನ್ನೋ ಇಟ್ಟು ನೆಲದಿಂದ ಎರಡು ಸೆಂ.ಮೀ. ಮೇಲೆತ್ತುವುದನ್ನು ಮರೆಯಬೇಡಿ. ಇಷ್ಟು ಶ್ರಮಪಟ್ಟು ಮಾಡಿದ್ದನ್ನು ಒದ್ದೆ ನೆಲಕ್ಕೆ ತಾಗಿಸಿಟ್ಟರೆ ಉಳಿದುದೆಲ್ಲ ವ್ಯರ್ಥ. ಅಂಚಿನಿಂದ ಎರಡು ಸೆಂ.ಮೀ. ಕೆಳಗೆ ನಿಲ್ಲುವಂತೆ ತುಂಬಿದರೆ ಇದರಲ್ಲಿ ಸುಮಾರು 15 ಲೀಟರ್ ಮಣ್ಣು ಹಿಡಿಯುತ್ತದೆ ಮತ್ತು ನೀರುಂಡ ಮೇಲೆ ಮರವೂ ಸೇರಿ 20 ಕಿಲೋ ದಾಟುತ್ತದೆ. ಆದ್ದರಿಂದ ಎಲ್ಲಿಡಬೇಕೆಂಬುದನ್ನು ತುಂಬುವ ಮುನ್ನವೇ ತೀರ್ಮಾನಿಸಿ. ಮಣ್ಣಿನ ಆಳ 14 ಸೆಂ.ಮೀ. ಮಾತ್ರ ಇರುವುದರಿಂದ ಬೇರು ಆಳಕ್ಕಿಳಿಯುವ ಗಿಡಗಳಿಗೆ ಇದು ಸಾಲದು.

ಪ್ರಶ್ನೆ: ಸರಕು ಸಾಗಿಸುವ ಪ್ಯಾಲೆಟ್‌ಗಳ ಹಲಗೆಯನ್ನು ಬಳಸಬಹುದೇ? ಯಾವ ಮರ ಒಳ್ಳೆಯದು?

ಉತ್ತರ: ಪ್ಯಾಲೆಟ್‌ನ ಮೇಲೆ ಒತ್ತಿರುವ ಮುದ್ರೆಯನ್ನು ಮೊದಲು ಓದಿಕೊಳ್ಳಿ. ದೇಶದಿಂದ ದೇಶಕ್ಕೆ ಹೋಗುವ ಮರದ ಪ್ಯಾಕಿಂಗ್‌ಗೆ ಐಎಸ್‌ಪಿಎಂ 15 ಎಂಬ ಅಂತರರಾಷ್ಟ್ರೀಯ ನಿಯಮ ಅನ್ವಯಿಸುತ್ತದೆ. ‘ಎಚ್‌ಟಿ’ ಎಂದಿದ್ದರೆ ಮರದ ತಿರುಳಿನವರೆಗೆ 56 ಡಿಗ್ರಿ ಸೆಲ್ಸಿಯಸ್ ಬಿಸಿಯನ್ನು 30 ನಿಮಿಷ ಮುಟ್ಟಿಸಲಾಗಿದೆ ಎಂದರ್ಥ, ಅಂಥದ್ದನ್ನು ಬಳಸಬಹುದು. ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿರುತ್ತಾರೆ, ಅದನ್ನು ಬಿಟ್ಟುಬಿಡಿ. ಏನೋ ಚೆಲ್ಲಿ ಕಲೆಯಾದ ಅಥವಾ ವಾಸನೆ ಹೊಡೆಯುವ ಹಲಗೆಯನ್ನು ಮುದ್ರೆ ಏನೇ ಇರಲಿ ಮುಟ್ಟಬೇಡಿ. ಬಿಸಿಯ ಉಪಚಾರ ಕೀಟಗಳನ್ನು ಕೊಲ್ಲುತ್ತದೆಯೇ ವಿನಾ ಮುಂದೆ ಕೊಳೆಯುವುದನ್ನು ತಡೆಯುವುದಿಲ್ಲ ಎಂಬುದೂ ಗಮನದಲ್ಲಿರಲಿ.

ಮರದ ಹೆಸರಿಗಿಂತ ಹಲಗೆಯು ಕಾಂಡದ ಯಾವ ಭಾಗದ್ದೆಂಬುದು ಮುಖ್ಯ. ತೇಗದಂಥ ಮರದ ಬಾಳಿಕೆಯೆಲ್ಲ ಅದರ ಚೇಗಿನಲ್ಲಿ, ಅಂದರೆ ನಡುವಿನ ಗಾಢ ಬಣ್ಣದ ಗಟ್ಟಿ ಭಾಗದಲ್ಲಿದೆ; ತೊಗಟೆಗೆ ಹತ್ತಿರದ ಬಿಳಿ ಭಾಗವು ತೇಗದ್ದಾದರೂ ಬೇಗ ಕೊಳೆಯುತ್ತದೆ. ತೇಗಕ್ಕೆ ಸಾದಾ ಕಬ್ಬಿಣದ ಸ್ಕ್ರೂ ಹಾಕಿದರೆ ಒದ್ದೆಯಾದಾಗ ಸುತ್ತಲೂ ಕಪ್ಪು ಕಲೆ ಹರಡುವುದುಂಟು, ಸ್ಟೇನ್‌ಲೆಸ್ ಸ್ಟೀಲ್‌ನದು ಒಳ್ಳೆಯದು. ಎಂಡಿಎಫ್ (ಮರದ ನಾರಿಗೆ ಅಂಟು ಬೆರೆಸಿ ಒತ್ತಿ ಮಾಡಿದ ಹಲಗೆ) ಮತ್ತು ಮನೆಯೊಳಗಿನ ಬಳಕೆಯ ಪ್ಲೈವುಡ್ ಬೇಡವೇ ಬೇಡ.

ಪ್ರಶ್ನೆ: ಪೆಟ್ಟಿಗೆಯ ಒಳಗೂ ಹೊರಗೂ ವಾರ್ನಿಷ್ ಬಳಿದರೆ ಹೆಚ್ಚು ಬಾಳುತ್ತದೆಯೇ?

ಉತ್ತರ: ಇಲ್ಲ. ವಾರ್ನಿಷ್ ಮರದ ಮೇಲೆ ಪೊರೆಯಾಗಿ ನಿಲ್ಲುತ್ತದೆ. ಎಲ್ಲೋ ಒಂದು ಬಿರುಕಿನಿಂದ ಒಳಸೇರಿದ ತೇವ ಹೊರಬರಲಾಗದೆ ಪೊರೆಯ ಅಡಿಯಲ್ಲೇ ಉಳಿದು, ಅದನ್ನು ಗುಳ್ಳೆಯೆಬ್ಬಿಸಿ ಕಿತ್ತುಹಾಕುತ್ತದೆ. ಇದಕ್ಕಿಂತ ಅಗಸೆ ಎಣ್ಣೆಯಂತೆ ಮರದೊಳಗೆ ಇಳಿಯುವಂಥದ್ದನ್ನು ಹೊರಮೈಗೆ ತೆಳುವಾಗಿ ಎರಡು ಮೂರು ಸಲ, ಕೊಯ್ದ ತುದಿಗಳಿಗೆ ಹೀರುವಷ್ಟೂ ಸಲ ಹಚ್ಚುವುದು ಲೇಸು. ಹಚ್ಚಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ. ಮುದ್ದೆಯೊಳಗೆ ಆ ಬಿಸಿ ಕೂಡಿಕೊಂಡು ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಅದನ್ನು ಬಯಲಿನಲ್ಲಿ ಹರಡಿ ಒಣಗಿಸಿ ಅಥವಾ ನೀರಿನಲ್ಲಿ ಅದ್ದಿಡಿ.

ಪ್ರಶ್ನೆ: ನೀರು ಚೆನ್ನಾಗಿ ಇಳಿಯಲೆಂದು ತಳದಲ್ಲಿ ಜಲ್ಲಿಕಲ್ಲು ಹಾಕಬೇಕೆನ್ನುತ್ತಾರೆ. ಎಷ್ಟು ಹಾಕಲಿ?

ಉತ್ತರ: ಏನನ್ನೂ ಹಾಕಬೇಡಿ. ಒಂದು ಸ್ಪಂಜನ್ನು ನೀರಿನಲ್ಲಿ ಅದ್ದಿ ಅಂಗೈಗಳ ಮೇಲೆ ಅಡ್ಡಲಾಗಿ ಹಿಡಿಯಿರಿ. ತೊಟ್ಟಿಕ್ಕುವುದು ಪೂರ್ತಿ ನಿಂತ ಮೇಲೆ ಅದನ್ನು ಅಂಚಿನ ಮೇಲೆ ನೆಟ್ಟಗೆ ನಿಲ್ಲಿಸಿದರೆ ನೀರು ಮತ್ತೆ ಸುರಿಯತೊಡಗುತ್ತದೆ. ನಿಂತ ಸ್ಪಂಜಿನಲ್ಲಿಯೂ ಕೆಳಭಾಗದ ಒಂದಿಷ್ಟು ಎತ್ತರ ಮಾತ್ರ ನೆನೆದೇ ಉಳಿಯುತ್ತದೆ. ಮಣ್ಣಿನಲ್ಲಿ ನಡೆಯುವುದೂ ಇದೇ. ಅದರ ತಳದಲ್ಲಿ ನೀರು ಜಿನುಗದೆ ಹಿಡಿದುಕೊಂಡ ಒಂದು ಪದರ ಇದ್ದೇ ಇರುತ್ತದೆ. ನುಣುಪು ಮಣ್ಣಿನ ಸಣ್ಣ ಸಂದುಗಳು ನೀರನ್ನು ಬಿಗಿಯಾಗಿ ಹಿಡಿದಿರುವುದರಿಂದ, ಮಣ್ಣು ಅಲ್ಲಿ ಪೂರ್ತಿ ನೆನೆಯುವವರೆಗೆ ಅದು ಕೆಳಗಿನ ಜಲ್ಲಿಯ ದೊಡ್ಡ ಸಂದುಗಳಿಗೆ ಇಳಿಯುವುದಿಲ್ಲ. ಹೀಗಾಗಿ 14 ಸೆಂ.ಮೀ. ಆಳದ ಪೆಟ್ಟಿಗೆಯಲ್ಲಿ 4 ಸೆಂ.ಮೀ. ಜಲ್ಲಿ ತುಂಬಿದರೆ ಆ ಒದ್ದೆ ಪದರವೇ ಬೇರುಗಳ ಹತ್ತಿರಕ್ಕೆ ಅಷ್ಟು ಮೇಲೇರುತ್ತದೆ, ಜೊತೆಗೆ ಪೆಟ್ಟಿಗೆಯ ತೂಕವೂ ಹೆಚ್ಚುತ್ತದೆ. ನೀರು ಸರಾಗವಾಗಿ ಇಳಿಯಬೇಕಾದರೆ ಬರಿಯ ತೋಟದ ಮಣ್ಣಿನ ಬದಲು ಕೊಳೆತ ಎಲೆಗೊಬ್ಬರ, ತೆಂಗಿನ ನಾರಿನ ಪುಡಿ ಮತ್ತು ದಪ್ಪ ಮರಳನ್ನು ಬೆರೆಸಿದ ಹಗುರ ಮಣ್ಣನ್ನು ತಳದಿಂದ ಮೇಲಿನವರೆಗೂ ಒಂದೇ ಸಮನೆ ತುಂಬಿ.