ಗಣಿತ ಬೇಡ, ಬಯಾಲಜಿ ಇಷ್ಟ ಅಂದ್ರೆ?

ಸರ್, ಮಗಳಿಗೆ ಗಣಿತದಲ್ಲಿ 52, ವಿಜ್ಞಾನದಲ್ಲಿ 86 ಬಂದಿದೆ, ಪಿಯುಗೆ ಪಿಸಿಎಂಬಿಯೋ (ಭೌತ, ರಸಾಯನ, ಗಣಿತ, ಜೀವಶಾಸ್ತ್ರ) ಕಾಮರ್ಸೋ ಅಂತ ಕೇಳಿದ್ದೀರಿ. ಅವಳು ಸುಮ್ನೆ ತೋಟ ಸುತ್ತಿ ಹಕ್ಕಿಗಳ ಹೆಸರು ಬರೆದಿಡುತ್ತಾಳೆ ಅಂದಿದ್ದೀರಲ್ಲ, ಅಂಕಪಟ್ಟಿಗಿಂತ ನನಗೆ ಅದೇ ಜಾಸ್ತಿ ಹೇಳ್ತು.

ಪಿಸಿಎಂಬಿ ತಗೊಂಡ್ರೆ ಮೆಡಿಕಲ್, ಎಂಜಿನಿಯರಿಂಗ್ ಎರಡೂ ದಾರಿ ತೆರೆದಿರುತ್ತದೆ ಅಂತಾರೆ, ನಿಜ. ಆದರೆ ಗಣಿತವನ್ನು ಎರಡು ವರ್ಷ ಎಳೆಯಬೇಕು. ನನ್ನ ಮಗ ಸುಂಟಿಕೊಪ್ಪದಿಂದ ಮಡಿಕೇರಿಗೆ ದಿನಾ ಬಸ್ಸಲ್ಲಿ ಹೋಗುತ್ತಿದ್ದ. ಜುಲೈ ಮಳೆಯಲ್ಲಿ ನೆನೆದು ಬಂದು, ಒದ್ದೆ ಬ್ಯಾಗಿಂದ ಗಣಿತದ ನೋಟ್ಸ್ ತೆಗೆದು ಒಲೆ ಹತ್ತಿರ ಒಣಗಿಸಿ ಕೂರುತ್ತಿದ್ದ. ಬಯಾಲಜಿಗೆ ಸಮಯವೇ ಉಳಿಯಲಿಲ್ಲ.

ಮೆಡಿಕಲ್ ಪ್ರವೇಶ ಪರೀಕ್ಷೆ ನೀಟ್‌ಗೆ ಗಣಿತ ಬೇಡ. ಭೌತ, ರಸಾಯನ, ಜೀವಶಾಸ್ತ್ರ ಇದ್ದರೆ ಸಾಕು. ಗಣಿತ ಬಿಟ್ಟರೆ ಎಂಜಿನಿಯರಿಂಗ್‌ನಂಥ ಗಣಿತ ಬೇಕಾದ ಕೋರ್ಸ್‌ಗಳನ್ನು ಮರೆತುಬಿಡಿ. ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜೇ ಇದೆ, ಒಮ್ಮೆ ಅವಳನ್ನೇ ಕರೆದುಕೊಂಡು ಹೋಗಿ ಪ್ರವೇಶಕ್ಕೆ ಯಾವ ವಿಷಯ ಬೇಕು ಅಂತ ಕೇಳಿ. ಗಣಿತದ ಬದಲು ಬೇರೆ ವಿಷಯ ಕೊಡುವ ಪಿಯು ಕಾಲೇಜು ಕಡಿಮೆ, ಅರ್ಜಿ ಹಾಕುವ ಮೊದಲೇ ಆಫೀಸಲ್ಲಿ ವಿಚಾರಿಸಿ.

ಕಾಮರ್ಸ್ ಕೆಟ್ಟದ್ದಲ್ಲ. ಆದರೆ ಅದು ಅವಳು ಕೇಳಿದ್ದಾ, ನೀವು ಕೇಳಿದ್ದಾ?