ಒಂದೇ ಸರೋವರದಲ್ಲಿ ಬೇರೆ ಬೇರೆ ಬ್ಯಾಕ್ಟೀರಿಯಾ

ಪ್ರಶ್ನೆ: ಒಂದೇ ಸರೋವರದ ಮೇಲ್ಭಾಗದ ಮತ್ತು ತಳದ ನೀರಿನಲ್ಲಿ ಬೇರೆ ಬೇರೆ ಬ್ಯಾಕ್ಟೀರಿಯಾಗಳು ಇರಲು ಸಾಧ್ಯವೇ?

ಉತ್ತರ: ಖಂಡಿತ ಸಾಧ್ಯ, ಆದ್ದರಿಂದಲೇ ದಡದಲ್ಲಿ ತುಂಬಿದ ಒಂದು ಬಾಟಲಿ ನೀರಿನಿಂದ ಇಡೀ ಸರೋವರವನ್ನು ಅಳೆಯಲಾಗದು. ಬೆಳಕು, ಆಮ್ಲಜನಕ ಮತ್ತು ಕರಗಿದ ಲವಣಗಳು ಆಳಕ್ಕೆ ತಕ್ಕಂತೆ ಬದಲಾಗುವುದರಿಂದ ಪ್ರತಿ ಪದರದಲ್ಲೂ ಅಲ್ಲಿಗೆ ಒಗ್ಗಿದ ಜೀವಿಗಳೇ ನೆಲೆಸುತ್ತವೆ. ಸ್ವಿಟ್ಜರ್‌ಲೆಂಡಿನ ಆಲ್ಪ್ಸ್ ಪರ್ವತಗಳಲ್ಲಿರುವ, ಸುಮಾರು 21 ಮೀಟರ್ ಆಳದ ಕಡಾನ್ಯೊ ಸರೋವರ ಇದಕ್ಕೆ ಅತ್ಯುತ್ತಮ ನಿದರ್ಶನ. ಅದರ ತಳದ ಬುಗ್ಗೆಗಳಿಂದ ಲವಣಯುಕ್ತವಾದ, ಹೆಚ್ಚು ಸಾಂದ್ರವಾದ ನೀರು ಬರುವುದರಿಂದ ಮೇಲಿನ ನೀರು ಕೆಳಗಿನದರೊಂದಿಗೆ ಪೂರ್ತಿಯಾಗಿ ಬೆರೆಯುವುದೇ ಇಲ್ಲ. ಮೇಲೆ ಆಮ್ಲಜನಕವಿದೆ, ಕೆಳಗೆ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಇದೆ. ಇವೆರಡೂ ಸಂಧಿಸುವ ಸುಮಾರು 12 ಮೀಟರ್ ಆಳದಲ್ಲಿ, ಮಂದ ಬೆಳಕನ್ನೂ ಆ ಸಲ್ಫೈಡನ್ನೂ ಬಳಸಿ ಆಹಾರ ತಯಾರಿಸಿಕೊಳ್ಳುವ ಕ್ರೊಮೇಷಿಯಂ ಒಕೆನೈ ಮೊದಲಾದ ನೇರಳೆ ಗಂಧಕ ಬ್ಯಾಕ್ಟೀರಿಯಾಗಳು ಎಷ್ಟು ದಟ್ಟವಾಗಿರುತ್ತವೆಂದರೆ, ಬೇಸಿಗೆಯಲ್ಲಿ ಅಲ್ಲಿಂದ ಮೇಲೆತ್ತಿದ ನೀರು ಬರಿಗಣ್ಣಿಗೇ ಗುಲಾಬಿ ಬಣ್ಣವಾಗಿ ಕಾಣುತ್ತದೆ.