ಫೋರ್ಡ್ 8ಎನ್ ಟ್ರ್ಯಾಕ್ಟರನ್ನು 6 ವೋಲ್ಟಿನಿಂದ 12 ವೋಲ್ಟಿಗೆ ಬದಲಿಸುವ ಮುನ್ನ

1949ರ ಫೋರ್ಡ್ 8ಎನ್, ಚಳಿ ಬಿದ್ದರೆ ಮುಲುಗುವ ಸೆಲ್ಫ್ ಮೋಟರ್, "6 ವೋಲ್ಟ್ ಎಂದರೆ ದುರ್ಬಲ, 12 ವೋಲ್ಟಿನ ಕಿಟ್ ಹಾಕಿಸಿಬಿಡಿ" ಎಂದ ಮೆಕ್ಯಾನಿಕ್: ಕಿಟ್ ಹಾಕಿಸಲೇ ಎಂದು ಕೇಳಿದ ನಿಮ್ಮ ಪ್ರಶ್ನೆಯಲ್ಲಿ ನನ್ನ ಹೆಸರೊಂದನ್ನು ಬಿಟ್ಟು ಉಳಿದೆಲ್ಲವೂ ನನ್ನದೇ ಆಗಿದೆ. ಏಳು ವರ್ಷಗಳ ಹಿಂದೆ ಅಮೆರಿಕದ ಮಿಷಿಗನ್ನಿನ ಹಳ್ಳಿಗಾಡಿನಲ್ಲಿ ಆರು ಎಕರೆ ಜಮೀನನ್ನೂ ಅದರೊಂದಿಗೆ ಕೊಟ್ಟಿಗೆಯಲ್ಲಿ ನಿಂತಿದ್ದ ಒಂದು 8ಎನ್ ಟ್ರ್ಯಾಕ್ಟರನ್ನೂ ಕೊಂಡೆ. ಇದೇ ರಾಜ್ಯದ ಹೈಲ್ಯಾಂಡ್ ಪಾರ್ಕಿನಲ್ಲಿ 1947ರಿಂದ 1952ರವರೆಗೆ ಐದು ಲಕ್ಷಕ್ಕೂ ಹೆಚ್ಚು ತಯಾರಾದ ಮಾದರಿಯಾದ್ದರಿಂದ ಇಲ್ಲಿ ಬಿಡಿಭಾಗಗಳಿಗೆ ಬರವಿಲ್ಲ, ಸಲಹೆ ಕೊಡುವವರಿಗಂತೂ ಇಲ್ಲವೇ ಇಲ್ಲ.

ಮೊದಲ ಚಳಿಗಾಲದಲ್ಲಿಯೇ ಅದು ಕೈಕೊಟ್ಟಿತು. ಗುಂಡಿ ಒತ್ತಿದರೆ ಎಂಜಿನ್ ಅರ್ಧ ಸುತ್ತು ತಿರುಗಿ, ನಿಟ್ಟುಸಿರು ಬಿಟ್ಟಂತೆ ನಿಂತುಬಿಡುತ್ತಿತ್ತು. ನಾನೂ ನಿಮ್ಮಂತೆಯೇ ವಿಚಾರಿಸಿದೆ, ಎಲ್ಲರೂ ಒಂದೇ ಮಾತು ಹೇಳಿದರು, ಕಿಟ್ ತರಿಸಿದೆ. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್, ಅದನ್ನು ಕೂರಿಸುವ ಬ್ರಾಕೆಟ್, ಎಂಜಿನ್ನಿಗೆ ಕಿಡಿ ಕೊಡುವ 12 ವೋಲ್ಟಿನ ಕಾಯಿಲ್, ಒಂದಷ್ಟು ವೈರು, ಮಡಚಿಟ್ಟ ಒಂದು ಹಾಳೆ. ಆ ಹಾಳೆಯನ್ನು ನಾನು ಬಿಚ್ಚಲಿಲ್ಲ. ಬದಲಿಗೆ ಟ್ರ್ಯಾಕ್ಟರಿನ ಹಳೆಯ ಕೈಪಿಡಿಯನ್ನು ಮುಂದಿಟ್ಟುಕೊಂಡು ಕುಳಿತೆ.

ನನ್ನನ್ನು ಕೆಡಿಸಿದ್ದು ಆ ಕೈಪಿಡಿಯ ಮೇಲಿನ ಭಕ್ತಿ. 8ಎನ್ ಕಾರ್ಖಾನೆಯಿಂದ ಬರುವಾಗಲೇ ಅದರ ಬ್ಯಾಟರಿಯ ಪ್ಲಸ್ ತುದಿಯನ್ನು ಟ್ರ್ಯಾಕ್ಟರಿನ ಬಾಡಿಗೆ, ಅಂದರೆ ಅದರ ಲೋಹದ ಮೈಗೆ, ಜೋಡಿಸಿರುತ್ತಾರೆ. ಇಂಥದನ್ನು ಪ್ಲಸ್ ಅರ್ತ್ ಗಾಡಿ ಎನ್ನುತ್ತಾರೆ. ದಾವಣಗೆರೆ ಸಮೀಪದ ನಮ್ಮೂರಿನಲ್ಲಿ ಅಪ್ಪನ ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿ ಹಾಕುವಾಗಲೆಲ್ಲ "ಮೈನಸ್ ಬಾಡಿಗೆ" ಎಂದು ಕೇಳುತ್ತಲೇ ಬೆಳೆದವನು ನಾನು, ಆದರೂ ಅಚ್ಚಾದ ಪುಟ ಬೇರೆ ಹೇಳುತ್ತಿದ್ದುದರಿಂದ ಹೊಸ 12 ವೋಲ್ಟಿನ ಬ್ಯಾಟರಿಯ ಪ್ಲಸ್ ತುದಿಯನ್ನೇ ಬಾಡಿಗೆ ಜೋಡಿಸಿದೆ.

ಇದು ಏಕೆ ಅಷ್ಟು ದುಬಾರಿ ತಪ್ಪು ಎಂಬುದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಏಕೆಂದರೆ ಪ್ಲಸ್ಸೋ ಮೈನಸ್ಸೋ ಎಂಬ ಭೇದವನ್ನು ಆ ಟ್ರ್ಯಾಕ್ಟರಿನ ಹಳೆಯ ಭಾಗಗಳು ಹೆಚ್ಚಾಗಿ ಎಣಿಸುವುದೇ ಇಲ್ಲ. ದೀಪಕ್ಕೆ ವಿದ್ಯುತ್ತು ಯಾವ ಕಡೆಯಿಂದ ಹರಿದರೂ ಒಂದೇ. ಸೆಲ್ಫ್ ಮೋಟರಿನಲ್ಲಿ ಕದಲದ ಫೀಲ್ಡ್ ಸುರುಳಿಯೂ ತಿರುಗುವ ಆರ್ಮೇಚರೂ ಒಂದರ ಹಿಂದೊಂದು ಇರುವುದರಿಂದ, ಧ್ರುವ ಅದಲು ಬದಲಾದರೆ ಎರಡೂ ಒಟ್ಟಿಗೇ ಬದಲಾಗಿ ಮೋಟರ್ ಮೊದಲಿನ ದಿಕ್ಕಿಗೇ ತಿರುಗುತ್ತದೆ. ಆಲ್ಟರ್ನೇಟರಿಗೆ ಮೊದಲು ಬ್ಯಾಟರಿ ಚಾರ್ಜ್ ಮಾಡುತ್ತಿದ್ದ ಡೈನಮೊ ಕೂಡ ತನ್ನ ಕಬ್ಬಿಣದಲ್ಲಿ ಉಳಿದ ಅಯಸ್ಕಾಂತ ಗುಣವನ್ನು ನಂಬಿ ನಡೆಯುವ ಯಂತ್ರ, ಅದಕ್ಕೆ ಬ್ಯಾಟರಿಯಿಂದ ಒಂದು ಕ್ಷಣ ವಿದ್ಯುತ್ ತಾಗಿಸಿ ಬೇಕಾದ ಧ್ರುವವನ್ನು ಕಲಿಸಬಹುದು. ಆದರೆ ಆಲ್ಟರ್ನೇಟರಿನ ಒಳಗಿರುವುದು ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಆರು ಡಯೋಡುಗಳು. ಮೈನಸ್ ಬಾಡಿಗೆ ಇದ್ದಾಗ ಅವು ಬ್ಯಾಟರಿಯ ವಿದ್ಯುತ್ತು ಹಿಂದಕ್ಕೆ ಹರಿಯದಂತೆ ಮುಚ್ಚಿದ ಬಾಗಿಲುಗಳಾಗಿರುತ್ತವೆ, ಪ್ಲಸ್ ಬಾಡಿಗೆ ಹೋದ ಕ್ಷಣದಲ್ಲಿ ಆರೂ ಬಾಗಿಲುಗಳು ಒಮ್ಮೆಲೇ ತೆರೆದುಕೊಂಡು ಬ್ಯಾಟರಿಯ ಎರಡು ತುದಿಗಳ ನಡುವೆ ನೇರ ದಾರಿಯಾಗುತ್ತವೆ. ಚಾರ್ಜಿಂಗ್ ವೈರು ಬೀಗದ ಕೀಲಿಯ ಮೂಲಕ ಹೋಗುವುದಿಲ್ಲ, ಆದ್ದರಿಂದ ಕೀಲಿ ಆರಿಸಿದ್ದರೂ ಪ್ರಯೋಜನವಿಲ್ಲ. ಆ ದಾರಿಯಲ್ಲಿ ನಾನು ಫ್ಯೂಸನ್ನೂ ಇಟ್ಟಿರಲಿಲ್ಲ.

ಕೊನೆಯ ಕ್ಲ್ಯಾಂಪನ್ನು ತಾಗಿಸುತ್ತಿದ್ದಂತೆ ದೊಡ್ಡ ಕಿಡಿ ಹಾರಿತು. ಎಲ್ಲವೂ ಆರಿರುವ ಗಾಡಿಯಲ್ಲಿ ಬ್ಯಾಟರಿ ಜೋಡಿಸುವಾಗ ಅಂಥ ಕಿಡಿ ಬರಕೂಡದು, ಬಂದರೆ ಕೈ ಹಿಂದೆಗೆಯಬೇಕು. ನಾನು ಹಳೆಯ ಗಾಡಿಯೆಂದರೆ ಹೀಗೆಯೇ ಇರಬೇಕು ಎಂದುಕೊಂಡು ಸ್ಪ್ಯಾನರ್ ಹಾಕಿ ಕ್ಲ್ಯಾಂಪನ್ನು ಬಿಗಿ ಮಾಡಿದೆ! ವಿದ್ಯುತ್ ಹರಿವನ್ನು ತೋರಿಸುವ ಆಮ್ಮೀಟರಿನ ಮುಳ್ಳು ಒಂದು ಅಂಚಿಗೆ ಬಡಿದು ನಿಂತಿತು, ಡ್ಯಾಶಿನ ಹಿಂದಿನಿಂದ ಹೊಗೆ ಎದ್ದಿತು, ಬಿಚ್ಚಲು ಹೋದರೆ ನಟ್ ಕೈ ಸುಡುತ್ತಿತ್ತು. ಈ ಟ್ರ್ಯಾಕ್ಟರಿನಲ್ಲಿ ಬ್ಯಾಟರಿ ಕೂರುವುದು ಪೆಟ್ರೋಲ್ ಟ್ಯಾಂಕಿನ ಬೆನ್ನಿಗೆ ಎಂಬುದನ್ನು ನೆನಪಿಸಿಕೊಂಡರೆ ಇಂದಿಗೂ ಹೊಟ್ಟೆಯಲ್ಲಿ ಕಸಿವಿಸಿಯಾಗುತ್ತದೆ. ಹೇಗೋ ಕ್ಲ್ಯಾಂಪ್ ಕಿತ್ತೆ. ಅಷ್ಟರಲ್ಲಿ ಹೊಸ ಆಲ್ಟರ್ನೇಟರೂ ಆಮ್ಮೀಟರೂ ಅವೆರಡರ ನಡುವಿನ ವೈರೂ ಸುಟ್ಟುಹೋಗಿದ್ದವು. ಸುಮಾರು 180 ಡಾಲರ್ ಕಳೆದುಕೊಂಡ ಮೇಲೆ ಆ ಮಡಚಿದ ಹಾಳೆಯನ್ನು ಬಿಚ್ಚಿದೆ. ಮೊದಲ ಸಾಲಿನಲ್ಲಿಯೇ ಬ್ಯಾಟರಿಯ ಮೈನಸ್ ತುದಿಯನ್ನು ಬಾಡಿಗೆ ಕೊಡಬೇಕೆಂದು ದಪ್ಪ ಅಕ್ಷರಗಳಲ್ಲಿ ಬರೆದಿತ್ತು.

ಮತ್ತೊಮ್ಮೆ ಎಲ್ಲವನ್ನೂ ತರಿಸಿ ಸರಿಯಾಗಿ ಜೋಡಿಸಿದಾಗ ಎಂಜಿನ್ ಬೆಣ್ಣೆ ಕಡೆದಂತೆ ಸಲೀಸಾಗಿ ತಿರುಗಿತು. ಕಥೆ ಅಲ್ಲಿಗೇ ಮುಗಿದಿದ್ದರೆ ನಾನೂ ನಿಮಗೆ ಕಿಟ್ ಕೊಳ್ಳಿ ಎಂದೇ ಬರೆಯುತ್ತಿದ್ದೆ. ಆದರೆ ಎರಡು ಚಳಿಗಾಲ ಕಳೆಯುವಷ್ಟರಲ್ಲಿ 12 ವೋಲ್ಟಿನಲ್ಲಿಯೂ ಸೆಲ್ಫ್ ಮತ್ತೆ ಮುಲುಗತೊಡಗಿತು. ಈ ಬಾರಿ ಮಲ್ಟಿಮೀಟರ್ ಹಿಡಿದೆ. ಬಾಡಿಗೆ ಹೋಗುವ ಬ್ಯಾಟರಿ ತುದಿಯ ಮೇಲೆ ಒಂದು ಕಡ್ಡಿ, ಸೆಲ್ಫ್ ಮೋಟರಿನ ಕವಚದ ಮೇಲೆ ಇನ್ನೊಂದು ಕಡ್ಡಿ ಇಟ್ಟುಕೊಂಡು ಮಗನಿಗೆ ಗುಂಡಿ ಒತ್ತಲು ಹೇಳಿದೆ. ಮೀಟರ್ 1.8 ವೋಲ್ಟ್ ತೋರಿಸಿತು. ಅಲ್ಲಿ 0.2ರ ಆಸುಪಾಸಿನಲ್ಲಿ ಇರಬೇಕಿತ್ತು. ಅರ್ತ್ ಪಟ್ಟಿಯನ್ನು ಬಿಚ್ಚಿ ನೋಡಿದರೆ ಹಿಂದಿನ ಮಾಲೀಕರು ಅದನ್ನು ಬಣ್ಣದ ಮೇಲೆಯೇ ಬೋಲ್ಟ್ ಮಾಡಿದ್ದರು, ಬಣ್ಣದ ಕೆಳಗೆ ತುಕ್ಕು. ಕೇಬಲ್ಲುಗಳೂ 12 ವೋಲ್ಟಿನ ಕಾರಿಗೆಂದು ಮಾರುವ 4 ಗೇಜಿನವು. ಅವುಗಳ ತಾಮ್ರದ ಅಡ್ಡಕೊಯ್ತ 21 ಚದರ ಮಿಲಿಮೀಟರ್, 6 ವೋಲ್ಟಿನ ಗಾಡಿಗೆ ಬೇಕಾದ 1/0 ಗೇಜಿನದು 53 ಚದರ ಮಿಲಿಮೀಟರ್. ಅಂದರೆ ನಾನು ಮೊದಲ ದಿನ ಕೈಗೆತ್ತಿಕೊಳ್ಳಬೇಕಿದ್ದದ್ದು ಸ್ಯಾಂಡ್‌ಪೇಪರ್ ಮತ್ತು ಎರಡು ದಪ್ಪ ಕೇಬಲ್ಲುಗಳನ್ನು. ನೆಗಡಿಯಾಯಿತೆಂದು ಮೂಗನ್ನೇ ಕೊಯ್ದುಕೊಂಡಿದ್ದೆ.

ಆದ್ದರಿಂದ 6 ವೋಲ್ಟ್ ಎಂದರೆ ದುರ್ಬಲ ಎಂಬ ಮಾತನ್ನೇ ನಾನು ಒಪ್ಪುವುದಿಲ್ಲ. 6 ವೋಲ್ಟ್ ಕೊಳೆಯನ್ನು ಸಹಿಸುವುದಿಲ್ಲ, ಅಷ್ಟೆ. ಸೆಲ್ಫ್ 200 ಆಂಪಿಯರ್ ಎಳೆಯುವಾಗ ದಾರಿಯಲ್ಲಿ ಒಂದು ಓಮಿನ ಇನ್ನೂರನೇ ಒಂದು ಭಾಗದಷ್ಟು ತಡೆ ಇದ್ದರೂ 1 ವೋಲ್ಟ್ ಅಲ್ಲಿಯೇ ಸೋರಿಹೋಗುತ್ತದೆ. 12ರಲ್ಲಿ ಒಂದು ಹೋದರೆ ಗೊತ್ತಾಗುವುದಿಲ್ಲ, 6ರಲ್ಲಿ ಒಂದು ಹೋದರೆ ಸೆಲ್ಫ್ ಮುಲುಗುತ್ತದೆ. ನನ್ನ ನೆರೆಯ ವೃದ್ಧ ರೈತರ ಬಳಿಯೂ ಒಂದು 8ಎನ್ ಇದೆ, ಇಂದಿಗೂ 6 ವೋಲ್ಟಿನದೇ, ಹೆಬ್ಬೆರಳು ಗಾತ್ರದ ಕೇಬಲ್ಲುಗಳು. ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಬೆಳಿಗ್ಗೆಯೂ ಅದು ಹೊರಡುವುದನ್ನು ಕಣ್ಣಾರೆ ನೋಡಿದ್ದೇನೆ.

ನಿಮಗೆ 12 ವೋಲ್ಟಿನ ಔಷಧಿ ಸಿಂಪಡಿಸುವ ಪಂಪನ್ನು ಟ್ರ್ಯಾಕ್ಟರಿನಿಂದ ಓಡಿಸಬೇಕಾಗಿದ್ದರೆ, ಅಥವಾ ರಾತ್ರಿ ಹಿಮ ತಳ್ಳಲು ಒಳ್ಳೆಯ ದೀಪಗಳು ಬೇಕಾಗಿದ್ದರೆ ಖಂಡಿತ ಬದಲಿಸಿ, ಅವು ನ್ಯಾಯವಾದ ಕಾರಣಗಳು. ಆಗ ಮೈನಸ್ಸನ್ನು ಬಾಡಿಗೆ ಕೊಡಿ, ಆಮ್ಮೀಟರಿನ ಎರಡು ವೈರುಗಳನ್ನು ಅದಲು ಬದಲು ಮಾಡಿ, ಬಲ್ಬುಗಳನ್ನೆಲ್ಲ ಬದಲಿಸಿ, ಕಾಯಿಲ್ ಮತ್ತು ಅದರ ರೆಸಿಸ್ಟರಿನ ವಿಷಯದಲ್ಲಿ ಕಿಟ್ಟಿನ ಹಾಳೆ ಹೇಳಿದಂತೆಯೇ ನಡೆದುಕೊಳ್ಳಿ, ಚಾರ್ಜಿಂಗ್ ವೈರಿಗೆ ಬ್ಯಾಟರಿಯ ಕಡೆಯ ತುದಿಯಲ್ಲಿ ಫ್ಯೂಸ್ ಹಾಕಿ. ಸೆಲ್ಫ್ ಮೋಟರನ್ನು ಬದಲಿಸಬೇಕಾಗಿಲ್ಲ, ಆದರೆ ಅದನ್ನು ಒಮ್ಮೆಗೆ ಕೆಲವೇ ಸೆಕೆಂಡು ತಿರುಗಿಸಿ.

ಚಳಿಯಲ್ಲಿ ಹೊರಡುವುದಿಲ್ಲ ಎಂಬುದೊಂದೇ ಕಾರಣವಾದರೆ ಇಂದು ಏನನ್ನೂ ಕೊಳ್ಳಬೇಡಿ. ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ, ನಾನು ಹೇಳಿದಂತೆ ಮೀಟರ್ ಇಟ್ಟು ಅರ್ತಿನ ಕಡೆಯನ್ನು ಅಳೆಯಿರಿ, ಬಳಿಕ ಬ್ಯಾಟರಿಯ ಇನ್ನೊಂದು ತುದಿಗೂ ಸೆಲ್ಫಿನ ಟರ್ಮಿನಲ್ಲಿಗೂ ನಡುವೆ ಅಳೆಯಿರಿ. ಎರಡು ಕಡೆಯೂ ಕಾಲು ವೋಲ್ಟಿನೊಳಗೆ ಇದ್ದು ಎಂಜಿನ್ ಆಗಲೂ ಮುಲುಗಿದರೆ ಸೆಲ್ಫ್ ಮೋಟರನ್ನು ಬಿಚ್ಚಿ ಅದರ ಬುಷ್‌ಗಳು ಸವೆದಿವೆಯೇ ಎಂದು ನೋಡಬೇಕಾಗುತ್ತದೆ. ಆ ಎರಡು ಅಂಕಿಗಳನ್ನು ಇಲ್ಲಿಯೇ ಬರೆಯಿರಿ, ನೋಡಿ ಮುಂದಿನದನ್ನು ಹೇಳುತ್ತೇನೆ.